ಅಕ್ಕ, ತಂಗಿ ಎಂಬ ಎರಡು ಕ್ಯಾಮೆರಾಗಳನ್ನು ಇನ್ನು ಮುಂದೆ ಯಾರೂ ಹೋಲಿಸಬಾರದೆಂಬ ಬಗ್ಗೆ

ಇಲಾಖೆಯ ಮುಖ್ಯ ಕಚೇರಿ
ಭಾವಚಿತ್ರ ಶಾಖೆ (ಮೆಟ್ಟಿಲ ಕೆಳಗಿನ ಕೋಣೆ)

ಸಂಖ್ಯೆ: ಭಾಶಾ/ಕ್ಯಾಮೆರಾ/ಹೋಲಿಕೆ/ನಿಷೇಧ/ಎರಡನೇ ಸಲ

ಸುತ್ತೋಲೆ

ವಿಷಯ: ಒಬ್ಬರೇ ತಯಾರಕರ ಎರಡು ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಪೈಕಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಶಾಶ್ವತವಾಗಿ ಮುಗಿಸುವ ಹಾಗೂ ಪಡಸಾಲೆಯ ಗೋಡೆಯ ಮೇಲಿರುವ ಒಂದು ಚಿತ್ರವನ್ನು ಕಾಣದಿರುವ ಕುರಿತು.

ಉಲ್ಲೇಖ:
1. ಇದೇ ವಿಷಯದ ಮೇಲೆ ಹೊರಡಿಸಲಾದ, ಯಾರೂ ಓದದ ಹಿಂದಿನ ಸುತ್ತೋಲೆ.
2. ಹೋಲಿಕಾ ಸಮಿತಿಯ ಸರ್ವಾನುಮತದ ವರದಿ.
3. ಛಾಯಾಗ್ರಾಹಕಿಗೆ ನೀಡಲಾದ ಕಾರಣ ಕೇಳುವ ನೋಟಿಸು.
4. ಸದರಿ ನೋಟಿಸಿಗೆ ಅವರು ಸಲ್ಲಿಸಿದ ವಿವರಣೆ (ಅನಗತ್ಯವಾಗಿ ಉದ್ದ).

ಪ್ರಸ್ತಾವನೆ:

ಗುರುತಿನ ಚೀಟಿಗಾಗಿ ಬರುವ ಸಾರ್ವಜನಿಕರನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಬೆನ್ನ ಹಿಂದೆ ಬಿಳಿ ಬಟ್ಟೆ ಹಿಡಿಸಿ, ಫೋಟೊ ತೆಗೆದು ಕಳಿಸುವುದು ಈ ಇಲಾಖೆಯ ಭಾವಚಿತ್ರ ಶಾಖೆಯ ಕೆಲಸ. ಇಷ್ಟೇ ಕೆಲಸ. ಇದಕ್ಕೆಂದು ಶಾಖೆಯಲ್ಲಿ ಒಬ್ಬರೇ ತಯಾರಕರ ಎರಡು ಕ್ಯಾಮೆರಾಗಳಿದ್ದವು. ಒಂದು ಹಳೆಯದು, ಇನ್ನೊಂದು ಅದಕ್ಕಿಂತ ಹಳೆಯದು. ದಾಸ್ತಾನು ವಹಿಯಲ್ಲಿ ಇವುಗಳಿಗೆ ಮೊದಲನೇ ಉಪಕರಣ, ಎರಡನೇ ಉಪಕರಣ ಎಂಬ ಮರ್ಯಾದೆಯ ಹೆಸರುಗಳಿದ್ದರೂ ಸಿಬ್ಬಂದಿ ಅವುಗಳನ್ನು ಅಕ್ಕ, ತಂಗಿ ಎಂದು ಕರೆಯುತ್ತಿದ್ದುದು ಗಮನಕ್ಕೆ ಬಂದಿದೆ. ಮರ್ಯಾದೆಯ ಹೆಸರು ಬಳಸಿದರೆ ಯಾವುದು ಯಾವುದೆಂದು ಮುಖ್ಯಾಧಿಕಾರಿಯವರಿಗೇ ಮರೆತುಹೋಗುವುದರಿಂದ, ಈ ಸುತ್ತೋಲೆಯಲ್ಲಿಯೂ ವಿಷಾದಪೂರ್ವಕವಾಗಿ ಅಕ್ಕ, ತಂಗಿ ಎಂದೇ ಬರೆಯಲಾಗಿದೆ.

ಅಕ್ಕ ಮೊದಲು ಬಂದವಳು. ಕಬ್ಬಿಣದ ಇಸ್ತ್ರಿಪೆಟ್ಟಿಗೆಯಷ್ಟು ತೂಕ. ಹಿಂಬದಿಯ ಪರದೆ ಅಂಚೆ ಚೀಟಿಗಿಂತ ತುಸು ದೊಡ್ಡದು. ಮೆಗಾಪಿಕ್ಸೆಲ್ ಕಡಿಮೆ. ಒಳಗೆ ಹಾಕುವ ಕಾರ್ಡ್ ಬಿಸ್ಕತ್ತಿನಷ್ಟು ದಪ್ಪ. ಅಂಥದ್ದು ಈಗ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ಅಯ್ಯೋ ಪಾಪ ಎಂಬಂತೆ ನೋಡುತ್ತಾನೆ. ತಂಗಿ ಕೆಲವು ವರ್ಷ ತಡವಾಗಿ ಬಂದವಳು. ಹಗುರ, ದೊಡ್ಡ ಪರದೆ, ಅಕ್ಕನ ಎರಡರಷ್ಟು ಮೆಗಾಪಿಕ್ಸೆಲ್, ವಿಡಿಯೊ ತೆಗೆಯುವ ಗುಂಡಿ ಸಹ ಉಂಟು. ಅದನ್ನು ಇದುವರೆಗೆ ಯಾರೂ ಬೇಕೆಂದು ಒತ್ತಿರುವುದಿಲ್ಲ. ಒಮ್ಮೆ ಉಗ್ರಾಣಾಧಿಕಾರಿಯವರು ತಂಗಿಯನ್ನು ಕೊರಳಿಗೆ ಹಾಕಿಕೊಂಡು ಫೈಲು ಓದುತ್ತಾ ಮೆಟ್ಟಿಲು ಇಳಿಯುವಾಗ, ಫೈಲು ಮತ್ತು ತಂಗಿ ಇಬ್ಬರೂ ಅವರಿಗಿಂತ ಮೊದಲೇ ಕೆಳಗೆ ತಲುಪಿದ್ದುಂಟು. ಅಂದಿನಿಂದ ತಂಗಿಯ ಫೋಕಸ್ ನೋಡಬೇಕಾದ ಕಡೆಗಿಂತ ಒಂದು ಗೇಣು ಮುಂದೆ ಬೀಳುತ್ತದೆಂದು ಛಾಯಾಗ್ರಾಹಕಿ ಹೇಳುತ್ತಾರೆ. ಉಗ್ರಾಣಾಧಿಕಾರಿಯವರು ಛಾಯಾಗ್ರಾಹಕಿಗೆ ಸ್ವಂತ ಭಾವ, ಅಂದರೆ ಅವರ ಅಕ್ಕನ ಗಂಡ. ಮನೆಯ ಸಿಟ್ಟನ್ನು ಕಚೇರಿಗೆ ತಂದಿದ್ದಾರೆಂದು ಭಾವಿಸಿ ಈ ಹೇಳಿಕೆಯನ್ನು ಆಗಲೇ ತಳ್ಳಿಹಾಕಲಾಗಿತ್ತು.

ಬಿಳಿ ಬಟ್ಟೆ ಹಿಡಿಯುತ್ತಿದ್ದವರು ಶಾಖೆಯ ಜವಾನರು. ಎಲ್ಲರೂ ಅವರನ್ನು ಪರದೆ ಮಾವ ಎನ್ನುತ್ತಾರೆ. ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಜನರ ಬೆನ್ನ ಹಿಂದೆ ನಿಂತು, ಎರಡೂ ಕೈ ಎತ್ತಿ, ಬಟ್ಟೆ ಹಿಡಿದದ್ದೇ ಅವರ ಸೇವೆ. ಊರಿನ ಅರ್ಧ ಜನರ ಚೀಟಿಯಲ್ಲಿ ಅವರು ಇದ್ದಾರೆ, ಆದರೆ ಕಾಣುವುದಿಲ್ಲ. ಬಟ್ಟೆಯ ಎರಡು ಮೂಲೆಗಳಲ್ಲಿ ಅವರ ಬೆರಳುಗಳು ಬಂದೇ ಬರುತ್ತಿದ್ದವು, ಛಾಯಾಗ್ರಾಹಕಿ ಅವನ್ನು ಕತ್ತರಿಸಿ ಹಾಕುತ್ತಿದ್ದರು. ಸಿಡುಕಿನ ಹೆಂಗಸು, ದಿನಕ್ಕೆ ಹತ್ತು ಸಲ ಬೆರಳು ಹಿಂದಕ್ಕೆಳೆದುಕೊಳ್ಳಿ ಮಾವ ಎಂದು ಗದರುತ್ತಿದ್ದರು. ಮಾವನವರ ಸ್ವಂತ ಗುರುತಿನ ಚೀಟಿಗೆ ಫೋಟೊ ತೆಗೆಯುವಾಗ ಬಟ್ಟೆ ಹಿಡಿಯಲು ಬೇರೆ ಯಾರೂ ಇರಲಿಲ್ಲವಾಗಿ, ಅವರೇ ತಮ್ಮ ತಲೆಯ ಹಿಂದೆ ಹಿಡಿದು ಕೂತರು. ಅದರಲ್ಲಿ ಅವರು ಪೊಲೀಸರ ಮುಂದೆ ಕೈ ಎತ್ತಿದ ಕಳ್ಳನಂತೆ ಬಂದಿರುತ್ತಾರೆ. ಆ ಕೈಗಳನ್ನೂ ಕತ್ತರಿಸಲಾಗಿತ್ತು.

ನಿವೃತ್ತರಾಗುವವರ ಒಂದು ದೊಡ್ಡ ಚಿತ್ರ ತೆಗೆದು ಪಡಸಾಲೆಯ ಗೋಡೆಗೆ ಹಾಕುವುದು ಈ ಕಚೇರಿಯಲ್ಲಿ ನಡೆದುಬಂದ ಪದ್ಧತಿ. ಮಾವನವರ ನಿವೃತ್ತಿ ಹತ್ತಿರ ಬಂದಾಗ ಛಾಯಾಗ್ರಾಹಕಿ ಅವರಿಗೆ ಒಂದು ಮಾತು ಕೊಟ್ಟರು. ಇಲಾಖೆಯ ಅನುಮತಿಯಿಲ್ಲದೆ ಕೊಟ್ಟ ಮಾತಾದರೂ ತಿಳುವಳಿಕೆಗಾಗಿ ಇಲ್ಲಿ ನಮೂದಿಸಲಾಗಿದೆ: "ನಿಮ್ಮ ಮೀಸೇಲಿ ಎಷ್ಟು ಬಿಳಿ ಕೂದ್ಲಿದೆ ಅಂತ ಮೊಮ್ಮಗಳು ಎಣಿಸ್ಬೇಕು ಮಾವ, ಹಂಗೆ ತೆಗೀತೀನಿ." ಅದಕ್ಕೆ ಮಾವನವರು, ಮನೆಯಲ್ಲಿ ಹೆಂಡತಿ ಇಷ್ಟು ವರ್ಷದಿಂದ ನೀವು ಕಚೇರಿಯಲ್ಲಿ ಇದ್ದದ್ದಕ್ಕೆ ಸಾಕ್ಷಿ ಏನು ಎಂದು ಕೇಳುತ್ತಲೇ ಇದ್ದಾಳೆಂದೂ, ಮೀಸೆ ಹೇಗಾದರೂ ಬರಲಿ, ಕೈ ಕಂಡರೆ ಸಾಕೆಂದೂ ಹೇಳಿದರಂತೆ.

ಇಷ್ಟರಲ್ಲಿ ಕಪಾಟಿನ ತಾಪತ್ರಯ ಬಂತು. ಭಾವಚಿತ್ರ ಶಾಖೆಯ ಕಪಾಟಿನಲ್ಲಿ ಇದ್ದದ್ದು ಎರಡೇ ಅರೆ. ಒಂದರಲ್ಲಿ ಅಕ್ಕ, ಒಂದರಲ್ಲಿ ತಂಗಿ. ಮುಖ್ಯಾಧಿಕಾರಿಯವರ ಊಟದ ಡಬ್ಬಿಗೆ ಒಂದು ಅರೆ ತುರ್ತಾಗಿ ಬೇಕಾದ್ದರಿಂದ ಎರಡರಲ್ಲಿ ಒಂದು ಕ್ಯಾಮೆರಾ ತೆರವಾಗಬೇಕಾಯಿತು. ಯಾವುದು ತೆರವಾಗಬೇಕೆಂದು ತೀರ್ಮಾನಿಸಲು ಹೋಲಿಕಾ ಸಮಿತಿ ರಚನೆಯಾಯಿತು: ಮುಖ್ಯಾಧಿಕಾರಿಯವರು ಅಧ್ಯಕ್ಷರು, ಉಗ್ರಾಣಾಧಿಕಾರಿ ಮತ್ತು ಲೆಕ್ಕಾಧಿಕಾರಿ ಸದಸ್ಯರು. ಛಾಯಾಗ್ರಾಹಕಿಗೆ ಕ್ಯಾಮೆರಾ ಬಗ್ಗೆ ತಿಳಿದಿರುವುದರಿಂದ ಅವರು ಪಕ್ಷಪಾತ ಮಾಡಬಹುದೆಂದು ಹೊರಗಿಡಲಾಯಿತು.

ಸಮಿತಿ ಮೂರು ಮಧ್ಯಾಹ್ನ ಸೇರಿತು. ಮೊದಲ ಮಧ್ಯಾಹ್ನ ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಲಾಯಿತು; ಅಕ್ಕ ಭಾರವಾದ್ದರಿಂದ ಅಂಕ ಕಳೆಯಲಾಯಿತು. ಎರಡನೆಯ ಮಧ್ಯಾಹ್ನ ಗುಂಡಿಗಳನ್ನು ಎಣಿಸಲಾಯಿತು. ತಂಗಿಗೆ ಹೆಚ್ಚು ಬಂದವು. ಕೊರಳಪಟ್ಟಿಯನ್ನು ಸಹ ಹೋಲಿಸಿ, ತಂಗಿಯ ಪಟ್ಟಿಯ ಮೇಲೆ ತಯಾರಕರ ಹೆಸರು ದೊಡ್ಡ ಅಕ್ಷರದಲ್ಲಿದ್ದುದನ್ನು ಮೆಚ್ಚಿಕೊಳ್ಳಲಾಯಿತು. ಮೂರನೆಯ ಮಧ್ಯಾಹ್ನ ಚಿತ್ರದ ಸ್ಪಷ್ಟತೆಯ ಪರೀಕ್ಷೆ. ಯಾರ ಫೋಟೊ ತೆಗೆಯಬೇಕು ಎಂಬ ಪ್ರಶ್ನೆ ಬಂದಾಗ ಅಧಿಕಾರಿಗಳಲ್ಲಿ ಒಬ್ಬರನ್ನು ಆರಿಸಿದರೆ ಉಳಿದಿಬ್ಬರಿಗೆ ಬೇಸರ, ಹೊರಗಿನವರನ್ನು ಕರೆದರೆ ಗೌಪ್ಯತೆಗೆ ಭಂಗ. ಆಗ ಮುಖ್ಯಾಧಿಕಾರಿಯವರಿಗೆ ಒಂದು ನ್ಯಾಯವಾದ ಉಪಾಯ ಹೊಳೆಯಿತು. ಅಕ್ಕ ತಂಗಿಯ ಫೋಟೊ ತೆಗೆಯಲಿ, ತಂಗಿ ಅಕ್ಕನ ಫೋಟೊ ತೆಗೆಯಲಿ, ಯಾರಿಗೂ ಮೋಸವಿಲ್ಲ.

ಹಾಗೆಯೇ ಮಾಡಲಾಯಿತು. ಉಗ್ರಾಣಾಧಿಕಾರಿಯವರು ಗುಂಡಿ ಒತ್ತಿದರು. ಅಕ್ಕ ತೆಗೆದ ತಂಗಿಯ ಚಿತ್ರ ಗಾಜಿನಂತೆ ಬಂತು; ಒಂದೊಂದು ತಿರುಪಿನ ಗೀರು ಕೂಡ ಎದ್ದು ಕಾಣುತ್ತಿತ್ತು. ತಂಗಿ ತೆಗೆದ ಅಕ್ಕನ ಚಿತ್ರದಲ್ಲಿ ಮಂಜಿನಲ್ಲಿ ನಿಂತ ಎಮ್ಮೆಯಂಥದ್ದೇನೋ ಇತ್ತು. ಎರಡನ್ನೂ ಫೈಲಿಗೆ ಅಂಟಿಸಿ, ಚಿತ್ರದಲ್ಲಿದ್ದ ಕ್ಯಾಮೆರಾದ ಹೆಸರನ್ನು ಅದರ ಕೆಳಗೆ ಬರೆಯಲಾಯಿತು. ತಂಗಿ: ಅತ್ಯಂತ ಸ್ಪಷ್ಟ. ಅಕ್ಕ: ಪೂರಾ ಮಬ್ಬು. ಸಮಿತಿ ಒಂದೇ ಮನಸ್ಸಿನಿಂದ ತಂಗಿಯನ್ನು ಉಳಿಸಿಕೊಂಡಿತು. ಲೆಕ್ಕಾಧಿಕಾರಿಯವರು ಆ ದಿನ ಕನ್ನಡಕ ತಂದಿರಲಿಲ್ಲ, ಆದರೂ ಅವರ ಒಪ್ಪಿಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಸುದ್ದಿ ಮೆಟ್ಟಿಲ ಕೆಳಗೆ ತಲುಪಿದ ಕೂಡಲೇ ಛಾಯಾಗ್ರಾಹಕಿ ಬಾಗಿಲು ತಟ್ಟದೆ ಒಳಬಂದರು. ತಮ್ಮ ವಿವರಣೆಯಲ್ಲಿ ಅವರೇ ಬರೆದುಕೊಂಡಿರುವಂತೆ, ಆಗ ಅವರಿಗೆ ಮಾವನ ಮೀಸೆಯೇ ಕಣ್ಣಮುಂದೆ ಬಂದಿತ್ತು. ಮೊದಲು ಅವರು ತಮ್ಮ ಭಾವನ ಕಡೆ ತಿರುಗಿ, ನಿಮ್ಮ ತಲೆಯಲ್ಲಿ ಏನಿದೆ ಭಾವ ಎಂದು ಕೇಳಿದರು. ಅದು ಕುಟುಂಬದ ವಿಷಯವಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆಮೇಲೆ ಫೈಲು ತಿರುಗಿಸಿ ಚಿತ್ರದ ಮೇಲೆ ಬೆರಳಿಟ್ಟು ಹೀಗೆ ಹೇಳಿದ್ದು ದಾಖಲಾಗಿದೆ:

"ಸಾರ್, ಇಲ್ಲಿ ಚೆಂದ ಕಾಣ್ತಿರೋದು ತಂಗಿ. ಆದ್ರೆ ಕಂಡಿದ್ದು ಅಕ್ಕನ ಕಣ್ಣಿಗೆ."

ಮುಖ್ಯಾಧಿಕಾರಿಯವರು ಸಿಟ್ಟಾಗಲಿಲ್ಲ. ದೊಡ್ಡ ಮನಸ್ಸಿನಿಂದ ಉತ್ತರಿಸಿದರು: "ಅಂದ್ರೆ ತಂಗಿ ಚೆನ್ನಾಗಿದ್ದಾಳೆ ಅಂತ ಅಕ್ಕನೇ ಒಪ್ಪಿಕೊಂಡ ಹಾಗಾಯ್ತಲ್ಲಮ್ಮ. ಇನ್ನೇನು ಸಾಕ್ಷಿ ಬೇಕು?"

ಛಾಯಾಗ್ರಾಹಕಿ ಫೈಲನ್ನು ಪಟ್ಟೆಂದು ಮುಚ್ಚಿ ಹೊರನಡೆದರು. ಇದನ್ನು ಸಮ್ಮತಿಯೆಂದು ಬರೆದುಕೊಳ್ಳಲಾಯಿತು.

ಅಕ್ಕನನ್ನು ಕ್ಯಾಮೆರಾಗಳ ದಾಸ್ತಾನಿನಿಂದ ತೆಗೆದುಹಾಕಿ, ಎಸೆಯಲು ಮನಸ್ಸು ಬಾರದೆ, ತೂಕ ಚೆನ್ನಾಗಿರುವುದರಿಂದ ಪೇಪರ್‌ವೇಟ್ ಎಂದು ಹೊಸದಾಗಿ ದಾಖಲಿಸಿ ಮುಖ್ಯಾಧಿಕಾರಿಯವರ ಮೇಜಿನ ಮೇಲೆ ಇಡಲಾಯಿತು. ಡಬ್ಬಿಗೆ ಅರೆ ದೊರೆಯಿತು.

ಪರದೆ ಮಾವನವರ ಬೀಳ್ಕೊಡುಗೆ ನಿಗದಿತ ದಿನದಂದು ನಡೆಯಿತು. ಇಷ್ಟು ವರ್ಷ ಹಿಡಿದ ಬಿಳಿ ಬಟ್ಟೆಯನ್ನೇ ಮಡಿಚಿ ಇಲಾಖೆಯ ವತಿಯಿಂದ ಅವರಿಗೆ ಉಡುಗೊರೆಯಾಗಿ ಕೊಡಲಾಯಿತು. ಅದಕ್ಕಿಂತ ಹೊಂದುವ ಉಡುಗೊರೆ ಬೇರೆ ಇಲ್ಲವೆಂದು ಮುಖ್ಯಾಧಿಕಾರಿಯವರು ಭಾಷಣದಲ್ಲಿ ಹೇಳಿದರು. ಚಿತ್ರವನ್ನು ಆದೇಶದಂತೆ ತಂಗಿಯಿಂದಲೇ ತೆಗೆಯಲಾಯಿತು. ಛಾಯಾಗ್ರಾಹಕಿ ಹಲ್ಲು ಕಚ್ಚಿಕೊಂಡು ತೆಗೆದರು. ಮಾವನವರ ಮುಂದೆ ಮೇಜಿನ ಮೇಲೆ ಒಂದು ಚಹಾ ಕಪ್ಪು ಇತ್ತು. ಚಿತ್ರದಲ್ಲಿ ಕಪ್ಪು ಅದ್ಭುತವಾಗಿ ಬಂದಿದೆ. ಅಂಚು ಒಡೆದಿರುವುದು, ಕೆನೆ ಕಟ್ಟಿರುವುದು, ಎಲ್ಲ ಕಾಣುತ್ತದೆ. ಅದರ ಹಿಂದೆ ಕಪ್ಪಿನಿಂದ ಏಳುವ ಹಬೆಯಂತೆ ಮಾವನವರು ಇದ್ದಾರೆ. ಮುಖ್ಯಾಧಿಕಾರಿಯವರು ಕಪ್ಪನ್ನು ತೋರಿಸಿ, ತಂಗಿಯ ಮೇಲೆ ಅನುಮಾನ ಪಟ್ಟವರು ಈಗ ನೋಡಲಿ ಎಂದರು. ಚಿತ್ರಕ್ಕೆ ಚೌಕಟ್ಟು ಹಾಕಿ, ಕೆಳಗೆ ಮಾವನವರ ಹುದ್ದೆ ಮತ್ತು ಸೇವಾವಧಿ ಬರೆದು, ಗೋಡೆಗೆ ತೂಗುಹಾಕಲಾಯಿತು. ಮಾವನವರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಕಪ್ಪು ಚೆನ್ನಾಗಿದೆ ಎಂದಷ್ಟೇ ಹೇಳಿ, ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅವರು ಮೆಟ್ಟಿಲು ದಾಟುವವರೆಗೆ ಛಾಯಾಗ್ರಾಹಕಿ ತಲೆ ಎತ್ತಿರಲಿಲ್ಲವೆಂದು ತಿಳಿದುಬಂದಿದೆ.

ಮಾರನೆಯ ವಾರ ಮಾವನವರು ನಿವೃತ್ತಿಯ ಕಾಗದಗಳಿಗೆ ಸಹಿ ಹಾಕಲು ಊಟದ ಹೊತ್ತಿಗೆ ಕಚೇರಿಗೆ ಬಂದರು. ಬಟ್ಟೆಯ ಗಂಟು ಸಹ ತಂದಿದ್ದರು, ಬಹುಶಃ ಅಭ್ಯಾಸಬಲ. ಅವರು ಹೋದ ಮಾರನೆಯ ದಿನ ನೋಡಿದರೆ ಗೋಡೆಯ ಮೇಲೆ ಕಪ್ಪಿನ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರ ಇತ್ತು. ಅದರಲ್ಲಿ ಮಾವನವರು ಮುಕ್ಕಾಲಿಯ ಮೇಲೆ ಕೂತಿದ್ದಾರೆ. ಹಿಂದೆ ಬಟ್ಟೆಯಿಲ್ಲ, ಬಟ್ಟೆ ಮಡಿಲಲ್ಲಿದೆ, ಅದರ ಮೇಲೆ ಎರಡೂ ಕೈ ಚಾಚಿಟ್ಟಿದ್ದಾರೆ, ಹತ್ತು ಬೆರಳೂ ಇವೆ. ಉಗುರಿನ ಬಿಳಿ, ಗಂಟಿನ ಸುಕ್ಕು, ಮೀಸೆಯ ಕೂದಲು, ಯಾವುದನ್ನೂ ಬಿಟ್ಟಿಲ್ಲ. ಇದು ತಂಗಿಯ ಕೆಲಸವಲ್ಲವೆಂಬುದು ಕನ್ನಡಕವಿಲ್ಲದ ಲೆಕ್ಕಾಧಿಕಾರಿಯವರಿಗೂ ಗೊತ್ತಾಯಿತು. ಇಷ್ಟಕ್ಕೇ ನಿಂತಿದ್ದರೆ ಇಲಾಖೆ ಕ್ಷಮಿಸುತ್ತಿತ್ತು. ಆದರೆ ಹಿನ್ನೆಲೆಯಲ್ಲಿ ಅರ್ಧ ತೆರೆದ ಬಾಗಿಲಿನಾಚೆ ಮುಖ್ಯಾಧಿಕಾರಿಯವರು ಡಬ್ಬಿ ಬಿಚ್ಚಿಕೊಂಡು, ಬಾಯಿ ಅಗಲವಾಗಿ ತೆರೆದು, ತುತ್ತು ಎತ್ತಿರುವುದು ಸಹ ಬಂದಿದೆ. ಕೊಂಚ ಮಬ್ಬಾಗಿದ್ದರೂ ಗುರುತು ಸಿಗುತ್ತದೆ. ಸಾರ್ವಜನಿಕರು ಗುರುತು ಹಿಡಿದಿದ್ದಾರೆ.

ಕೂಡಲೇ ಕಾರಣ ಕೇಳುವ ನೋಟಿಸು ಹೊರಟಿತು. ದಾಸ್ತಾನಿನಿಂದ ತೆಗೆದುಹಾಕಿದ ಕ್ಯಾಮೆರಾವನ್ನು ಅನುಮತಿಯಿಲ್ಲದೆ ಬಳಸಿದ್ದೇಕೆ? ಛಾಯಾಗ್ರಾಹಕಿ ಉತ್ತರಿಸಿದ್ದು ಹೀಗೆ: ತಾವು ಯಾವ ಕ್ಯಾಮೆರಾವನ್ನೂ ಮುಟ್ಟಿಲ್ಲ. ಸಾಹೇಬರು ಕೆಳಗೆ ಶಾಖೆಯ ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ಮೇಜಿನ ಪೇಪರ್‌ವೇಟ್ ಅನ್ನು ಸ್ವಲ್ಪ ಹೊತ್ತು ಎತ್ತಿಕೊಂಡದ್ದು ನಿಜ. ಪೇಪರ್‌ವೇಟ್ ಫೋಟೊ ತೆಗೆಯಿತು ಎಂದು ಇಲಾಖೆ ಹೇಳುವುದಾದರೆ ಅದು ಕ್ಯಾಮೆರಾ ಎಂದು ಬರೆದು ಕೊಡಲಿ. ಇಲ್ಲವೆಂದರೆ ಗೋಡೆಯ ಮೇಲೆ ಇರುವುದು ಫೋಟೊ ಅಲ್ಲ. ಫೋಟೊ ಅಲ್ಲದ್ದಕ್ಕೆ ನೋಟಿಸು ಏತಕ್ಕೆ?

ಈ ಉದ್ಧಟತನವನ್ನು ಇಲಾಖೆ ಆಳವಾಗಿ ಪರಿಶೀಲಿಸಿತು. ಅಕ್ಕನನ್ನು ಕ್ಯಾಮೆರಾ ಎಂದರೆ ಸಮಿತಿ ತಪ್ಪಿತೆಂದಾಗುತ್ತದೆ. ಸಮಿತಿ ತಪ್ಪಲು ಸಾಧ್ಯವಿಲ್ಲ, ಏಕೆಂದರೆ ಅದರ ಅಧ್ಯಕ್ಷರೇ ಈ ಸುತ್ತೋಲೆಗೆ ಸಹಿ ಹಾಕುವವರು. ಆದ್ದರಿಂದ ಸಿಬ್ಬಂದಿಗೂ ಸಾರ್ವಜನಿಕರಿಗೂ ಕೆಳಕಂಡಂತೆ ಕಟ್ಟುನಿಟ್ಟಾಗಿ ತಿಳಿಯಪಡಿಸಲಾಗಿದೆ:

ಸೂಚನೆಗಳು:

1. ಅಕ್ಕ ಮೇಲೋ ತಂಗಿ ಮೇಲೋ ಎಂದು ಪಡಸಾಲೆಯಲ್ಲಿ, ಮೆಟ್ಟಿಲ ಮೇಲೆ, ಚಹಾ ಕುಡಿಯುವಲ್ಲಿ ಅಥವಾ ಶೌಚಾಲಯದ ಸಾಲಿನಲ್ಲಿ ಯಾರೂ ಮಾತಾಡತಕ್ಕದ್ದಲ್ಲ. ಬಾಯಿ ಮುಚ್ಚಿಕೊಂಡು ಹುಬ್ಬಿನಿಂದ ಹೋಲಿಸುವುದೂ ಹೋಲಿಕೆಯೇ. ಎರಡರ ಬಗ್ಗೆಯೂ ಏನೂ ಹೇಳದೆ ನಿಟ್ಟುಸಿರು ಬಿಡುವವರು ಅಕ್ಕನ ಪಕ್ಷದವರೆಂದು ತಿಳಿಯಲಾಗುವುದು.

2. ಒಂದು ಚಿತ್ರ ಸ್ಪಷ್ಟವಾಗಿದೆಯೇ ಇಲ್ಲವೇ ಎಂಬುದನ್ನು ಹುದ್ದೆಯ ಮೇಲೆ ನಿರ್ಧರಿಸತಕ್ಕದ್ದು. ಇಬ್ಬರ ಅಭಿಪ್ರಾಯ ಬೇರೆಯಾದಲ್ಲಿ ಮೇಲಿನವರ ಕಣ್ಣೇ ಕಣ್ಣು. ಮೇಲಿನವರು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಲ್ಲಿ ತೀರ್ಮಾನವನ್ನು ಮುಂದೂಡಿ, ಅಲ್ಲಿಯವರೆಗೆ ಚಿತ್ರ ಸ್ಪಷ್ಟವಾಗಿದೆಯೆಂದೇ ನಡೆದುಕೊಳ್ಳತಕ್ಕದ್ದು.

3. ತಂಗಿಯು ಒಂದು ಗೇಣು ಮುಂದೆ ನೋಡುತ್ತಾಳೆ ಎಂಬುದು ತಂಗಿಯ ದೋಷವಲ್ಲ, ಸಾರ್ವಜನಿಕರು ಒಂದು ಗೇಣು ಹಿಂದೆ ಕೂರುವುದರ ದೋಷ. ಮುಕ್ಕಾಲಿಯ ಮುಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಲಾಗಿದೆ. ಫೋಟೊ ತೆಗೆಸಿಕೊಳ್ಳುವವರು ಮುಕ್ಕಾಲಿಯಲ್ಲಿ ಕೂತು, ಎದ್ದೇಳದೆ, ಮೂಗನ್ನು ಗೆರೆಯ ನೇರಕ್ಕೆ ತರತಕ್ಕದ್ದು. ಈ ಯತ್ನದಲ್ಲಿ ಮುಕ್ಕಾಲಿ ಸಮೇತ ಉರುಳಿದವರನ್ನು ಉರುಳುವ ಮೊದಲು ಹೇಗಿದ್ದರೋ ಹಾಗೆಯೇ ಇದ್ದಾರೆಂದು ಪರಿಗಣಿಸಲಾಗುವುದು. ಮೂಗು ಮಾತ್ರ ಬಂದು ಕಿವಿಗಳು ಬಾರದಿದ್ದಲ್ಲಿ ಮೂಗಿನಿಂದಲೇ ಗುರುತು ಹಿಡಿಯತಕ್ಕದ್ದು.

4. ಹೀಗೆ ಮಾಡಿಯೂ ಮುಖ ಮಬ್ಬಾಗಿ ಬಂದವರು ಸ್ವಲ್ಪ ಸ್ಪಷ್ಟವಾದ ಮುಖದೊಂದಿಗೆ ಮತ್ತೊಂದು ದಿನ ಬರತಕ್ಕದ್ದು. ಅಷ್ಟರೊಳಗೆ ಚೀಟಿ ತುರ್ತಾಗಿ ಬೇಕಾದವರು ಕೈಯಲ್ಲಿ ಒಂದು ಚಹಾ ಕಪ್ಪು ಹಿಡಿದುಕೊಳ್ಳಬಹುದು. ಕಪ್ಪು ಚೆನ್ನಾಗಿ ಬರುತ್ತದೆಂಬುದು ಅನುಭವದಿಂದ ಸಾಬೀತಾಗಿದೆ. ಅಂಥ ಚೀಟಿ ಪಡೆದವರು ಹೋದಲ್ಲೆಲ್ಲ ಅದೇ ಕಪ್ಪನ್ನು ಒಯ್ಯತಕ್ಕದ್ದು, ಒಡೆಯಬಾರದು.

5. ಮುಖ್ಯಾಧಿಕಾರಿಯವರ ಮೇಜಿನ ಮೇಲಿರುವುದು ಪೇಪರ್‌ವೇಟ್. ಅದರ ಅಡಿಯಲ್ಲಿ ಕಾಗದ ಇಡಬಹುದು. ಮುಂದೆ ಮನುಷ್ಯರನ್ನು ಇಡುವಂತಿಲ್ಲ. ಅದರೊಳಗೆ ಇಣುಕಿ ನೋಡಬಾರದು. ಅದರ ಬ್ಯಾಟರಿಯನ್ನು ಚಾರ್ಜ್ ಮಾಡುವವರು ಪೇಪರ್‌ವೇಟ್‌ಗೆ ವಿದ್ಯುತ್ ಏಕೆ ಬೇಕೆಂದು ಲಿಖಿತವಾಗಿ ವಿವರಿಸತಕ್ಕದ್ದು. ಗಾಳಿ ಬೀಸದ ದಿನಗಳಲ್ಲಿ ಅದಕ್ಕೆ ಕೆಲಸವಿಲ್ಲವೆಂದು ಹೇಳಿ ಕೆಳಗೆ ಒಯ್ಯಲು ಛಾಯಾಗ್ರಾಹಕಿ ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ.

6. ಗೋಡೆಯ ಮೇಲಿನ ಎರಡನೆಯ ಚಿತ್ರ ಇರುವುದಿಲ್ಲ. ಇಲ್ಲದಿರುವುದನ್ನು ಕೆಳಗಿಳಿಸಲು ಇಲಾಖೆಗೆ ಅಧಿಕಾರವಿಲ್ಲದ್ದರಿಂದ ಅದು ಅಲ್ಲಿಯೇ ಇದೆ. ಆದರೆ ಮೊಳೆ ಇಲಾಖೆಯದು, ಅದನ್ನು ಗೌರವಿಸತಕ್ಕದ್ದು. ಗುಡಿಸುವವರು ಚೌಕಟ್ಟಿನ ಸುತ್ತ ಧೂಳು ತೆಗೆಯತಕ್ಕದ್ದು, ಗಾಜನ್ನು ಮುಟ್ಟತಕ್ಕದ್ದಲ್ಲ. ಆದರೂ ದಿನವೂ ಗಾಜು ಫಳಫಳ ಹೊಳೆಯುತ್ತಿರುವುದು ಏಕೆಂದು ವಿಚಾರಿಸಲಾಗುತ್ತಿದೆ.

7. ಸದರಿ ಇಲ್ಲದ ಚಿತ್ರದ ಮುಂದೆ ಸಾರ್ವಜನಿಕರು ತಮ್ಮ ಚೀಟಿಯನ್ನು ಹೊರತೆಗೆದು, ಮಾವನವರ ಬೆರಳುಗಳನ್ನೂ ತಮ್ಮ ಚೀಟಿಯ ಮೂಲೆಗಳನ್ನೂ ನೋಡಿ, ಓಹೋ ಇವರೇನಾ ನಮ್ಮ ಹಿಂದೆ ನಿಂತಿದ್ದದ್ದು ಎಂದು ಮಾತಾಡಿಕೊಳ್ಳುತ್ತಿರುವುದು ಕಂಡುಬಂದಿದೆ. ಇದು ಶುದ್ಧ ತಲೆಹರಟೆ. ಬೆರಳುಗಳನ್ನು ಇಲಾಖೆ ಕತ್ತರಿಸಿಯಾಗಿದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮಾವನವರ ಹೆಂಡತಿ ಮೊಮ್ಮಗಳನ್ನು ಕರೆತಂದು ಮೀಸೆ ಎಣಿಸಿ ಹೋದ ಪ್ರಕರಣವನ್ನು ವಯಸ್ಸಿನ ಕಾರಣಕ್ಕೆ ಕೈಬಿಡಲಾಗಿದೆ. ಇಬ್ಬರ ವಯಸ್ಸಿನ ಕಾರಣಕ್ಕೂ.

8. ಕಣ್ತಪ್ಪಿ ಇಲ್ಲದ ಚಿತ್ರವನ್ನು ನೋಡಿದವರು ಅಷ್ಟೇ ಹೊತ್ತು ಕಪ್ಪಿನ ಚಿತ್ರವನ್ನೂ ನೋಡಿ ಸರಿದೂಗಿಸತಕ್ಕದ್ದು. ಹಿನ್ನೆಲೆಯಲ್ಲಿ ಬಾಯಿ ತೆರೆದಿರುವ ವ್ಯಕ್ತಿ ಯಾರೆಂದು ಕೇಳುವವರಿಗೆ ಬಾಗಿಲ ನೆರಳು ಎಂದು ಉತ್ತರಿಸತಕ್ಕದ್ದು. ನೆರಳಿನ ಕೈಯಲ್ಲಿ ಡಬ್ಬಿ ಏಕಿದೆ ಎಂದು ಮುಂದುವರಿದು ಕೇಳುವವರನ್ನು ಮೂರನೇ ಸೂಚನೆಯ ಮುಕ್ಕಾಲಿಗೆ ಕಳಿಸತಕ್ಕದ್ದು.

9. ವಿಶೇಷ ಸೂಚನೆ. ಮುಖ್ಯಾಧಿಕಾರಿಯವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಪದ್ಧತಿಯಂತೆ ಅವರ ಚಿತ್ರವೂ ಗೋಡೆಗೆ ಬರಬೇಕಾಗಿದೆ. ತಾಲೀಮಿಗಾಗಿ ತಂಗಿಯಿಂದ ಹಲವು ಸಲ ತೆಗೆಸಿ ನೋಡಲಾಗಿ ಮೇಜಿನ ಕರೆಗಂಟೆ, ಪೆನ್ನಿನ ಮುಚ್ಚಳ ಮತ್ತು ಒಮ್ಮೆ ಒಂದು ನೊಣ ಅತ್ಯುತ್ತಮವಾಗಿ ಬಂದಿರುತ್ತವೆ. ಅಧಿಕಾರಿಯವರು ಬಂದಿರುವುದಿಲ್ಲ. ಆದ್ದರಿಂದ ಇಲಾಖೆಯ ಹಿತದೃಷ್ಟಿಯಿಂದ, ಮತ್ತು ಹೋಲಿಕಾ ಸಮಿತಿಯ ವರದಿಗೆ ಕಿಂಚಿತ್ತೂ ಧಕ್ಕೆಯಾಗದಂತೆ, ಪೇಪರ್‌ವೇಟ್‌ನ ಅಡಿಯಿಂದ ಕಾಗದ ತೆಗೆದ ಕ್ಷಣದಿಂದ ಮತ್ತೆ ಕಾಗದ ಇಡುವ ಕ್ಷಣದವರೆಗೆ ಅದನ್ನು ಕ್ಯಾಮೆರಾ ಎಂದು ತಿಳಿಯತಕ್ಕದ್ದು. ಈ ಸೌಲಭ್ಯ ಒಬ್ಬರಿಗೆ, ಒಂದು ಸಲ.

10. ಇದರ ಬಗ್ಗೆ ಛಾಯಾಗ್ರಾಹಕಿಯನ್ನು ಸೌಜನ್ಯದಿಂದ ಕೇಳಲಾಯಿತು. ಅವರು ಬ್ಯಾಟರಿ ಯಾವಾಗಲೂ ತುಂಬಿಯೇ ಇದೆ ಎಂದರು. ಆದರೆ ಹಿಂದೆ ಬಟ್ಟೆ ಹಿಡಿಯದಿದ್ದರೆ ಬಾಗಿಲ ನೆರಳಿನಂಥವು ಮತ್ತೆ ಬಂದಾವು, ಅದಕ್ಕೆ ತಾವು ಹೊಣೆಯಲ್ಲ ಎಂದೂ ಹೇಳಿದರು. ಉಗ್ರಾಣಾಧಿಕಾರಿಯವರು ಹಾಸಿಗೆಯ ಹೊದಿಕೆಯೊಂದನ್ನು ತಂದು ಹಿಡಿದು ನೋಡಿದರು. ಅವರ ಕೈ ಬೇಗ ಸೋತು ಇಳಿಯುತ್ತದೆ, ಹೊದಿಕೆಯಲ್ಲಿ ಹೂಗಳಿವೆ. ಬಟ್ಟೆ ಹಿಡಿಯಲು ತಿಳಿದವರು ಒಬ್ಬರೇ, ಬಟ್ಟೆ ಇರುವುದೂ ಅವರ ಮನೆಯಲ್ಲಿ. ಉಡುಗೊರೆಯನ್ನು ವಾಪಸು ಕೇಳುವುದು ಇಲಾಖೆಯ ಘನತೆಗೆ ತಕ್ಕುದಲ್ಲವಾದ್ದರಿಂದ, ಉಡುಗೊರೆಯ ಜೊತೆಗೆ ಅದನ್ನು ಪಡೆದವರನ್ನೂ ಕರೆಸಲು ತೀರ್ಮಾನಿಸಿ ಛಾಯಾಗ್ರಾಹಕಿಯನ್ನೇ ಅವರ ಮನೆಗೆ ಕಳಿಸಲಾಯಿತು.

11. ಪರದೆ ಮಾವನವರು ಛಾಯಾಗ್ರಾಹಕಿಯ ಮೂಲಕ ಹೇಳಿ ಕಳಿಸಿರುವ ಉತ್ತರವನ್ನು, ಭಾಷೆ ತಿದ್ದಲು ಅವರು ಒಪ್ಪದ್ದರಿಂದ, ಇದ್ದಂತೆಯೇ ಇಲ್ಲಿ ಕೊಡಲಾಗಿದೆ:

"ಬರ್ತೀನಿ. ಹಿಡೀತೀನಿ. ಆದ್ರೆ ಈ ಸಲ ನನ್ನ ಬೆರಳು ಕತ್ತರಿಸ್ಬಾರದು."

12. ಈ ಷರತ್ತನ್ನು ಪರಿಶೀಲಿಸಲಾಯಿತು. ಮುಖ್ಯಾಧಿಕಾರಿಯವರ ತಲೆಯ ಎರಡೂ ಬದಿಯಲ್ಲಿ ನಿವೃತ್ತ ಜವಾನರೊಬ್ಬರ ಬೆರಳುಗಳು ಶಾಶ್ವತವಾಗಿ ಗೋಡೆಯ ಮೇಲೆ ಉಳಿಯುವುದು ಶಿಸ್ತಿಗೆ ಸರಿಯೇ ಎಂದು ಲೆಕ್ಕಾಧಿಕಾರಿಯವರು ಕೇಳಿದರು. ಹೆಬ್ಬೆರಳು ಮಾತ್ರ ಎಂದು ಚೌಕಾಸಿ ಮಾಡಿ ನೋಡಲಾಯಿತು. ಮಾವನವರು ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರಂತೆ. ತಿಂಗಳು ಮುಗಿಯುತ್ತಾ ಬಂದಿದೆ. ಷರತ್ತನ್ನು ಒಪ್ಪಲಾಗಿದೆ.

ಈ ಸುತ್ತೋಲೆ ಕೂಡಲೇ ಜಾರಿಗೆ ಬರತಕ್ಕದ್ದು, ಮತ್ತು ಚಿತ್ರ ತೆಗೆದ ಮೇಲೆ ಮರೆತುಹೋಗತಕ್ಕದ್ದು.

(ಸಹಿ)
ಮುಖ್ಯಾಧಿಕಾರಿ ಹಾಗೂ ಅಧ್ಯಕ್ಷರು, ಹೋಲಿಕಾ ಸಮಿತಿ
(ಈ ತಿಂಗಳ ಕೊನೆಯವರೆಗೆ)

ಪ್ರತಿಗಳು:
1. ಉಗ್ರಾಣಾಧಿಕಾರಿ: ಮೆಟ್ಟಿಲು ಇಳಿಯುವಾಗ ಓದಬಾರದೆಂಬ ಎಚ್ಚರಿಕೆಯೊಂದಿಗೆ.
2. ಲೆಕ್ಕಾಧಿಕಾರಿ: ಕನ್ನಡಕ ತಂದ ದಿನ ಓದಿಕೊಳ್ಳಲು.
3. ಛಾಯಾಗ್ರಾಹಕಿ: ಓದಿ, ನಗದೆ, ಸಹಿ ಹಾಕಿ ಹಿಂದಿರುಗಿಸಲು.
4. ತಂಗಿ: ಕಪಾಟು, ಮೇಲಿನ ಅರೆ. ಒಂದು ಗೇಣು ಮುಂದೆ ಹಿಡಿದು ತೋರಿಸುವುದು.
5. ಕಚೇರಿ ಪ್ರತಿ: ಅಕ್ಕನ ಅಡಿಯಲ್ಲಿ. ತಿಂಗಳ ಕೊನೆಯ ದಿನ ಹೊರಗೆಳೆಯುವುದು.
6. ಪರದೆ ಮಾವ, ನಿವೃತ್ತ ಜವಾನರು: ಬಟ್ಟೆಯ ಸಮೇತ, ಹತ್ತೂ ಬೆರಳುಗಳ ಸಮೇತ ಹಾಜರಾಗಲು.